ಮೂಳೆ ಕಾಯುತ್ತದೆ, ರಕ್ತ ಕಾಯುವುದಿಲ್ಲ

2025ರ ಜನವರಿ 22ರ ನಸುಕು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ರಸ್ತೆ ಬಿಟ್ಟು ಕೆಳಕ್ಕೆ ಉರುಳಿತು. ಮಾಲಿನ ಜೊತೆ ಲಾರಿಯಲ್ಲೇ ಕುಳಿತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಪ್ರಾಣ ಬಿಟ್ಟರು. ಗಾಯಾಳುಗಳನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಸಾಗಿಸಿದರು. ಯಲ್ಲಾಪುರ ಪೇಟೆಯಿಂದಲೇ ಲೆಕ್ಕ ಹಾಕಿದರೂ ಹುಬ್ಬಳ್ಳಿ 70 ಕಿ.ಮೀ. ಆಸುಪಾಸು.

ಅದಕ್ಕೆ ನಾಲ್ಕು ವರ್ಷ ಮೊದಲು, 2021ರ ಜನವರಿ 11ರಂದು, ಯಲ್ಲಾಪುರದಿಂದ ಗೋಕರ್ಣದ ಕಡೆ ಹೋಗುತ್ತಿದ್ದ ಅಂದಿನ ಕೇಂದ್ರ ಆಯುಷ್ ಸಚಿವ ಶ್ರೀಪಾದ ನಾಯಕ್ ಅವರ ಕಾರು ಅಂಕೋಲಾ ತಾಲ್ಲೂಕಿನಲ್ಲಿ ಅಪಘಾತಕ್ಕೀಡಾಯಿತು. ಅವರ ಪತ್ನಿ ಮತ್ತು ಆಪ್ತರೊಬ್ಬರು ಉಳಿಯಲಿಲ್ಲ. ಸಚಿವರನ್ನು ರಾಜ್ಯದ ಗಡಿ ದಾಟಿಸಿ ಗೋವಾದ ಬಾಂಬೋಳಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸೇರಿಸಿದರು. ಹಲವು ಶಸ್ತ್ರಚಿಕಿತ್ಸೆಗಳಾದ ಮೇಲೆ ಫೆಬ್ರುವರಿ ಕೊನೆಯ ಹೊತ್ತಿಗೆ ಅವರು ಮನೆಗೆ ಮರಳಿದರು. ಕೇಂದ್ರ ಮಂತ್ರಿಗೂ ಉತ್ತರ ಕನ್ನಡದೊಳಗೆ ಒಂದು ಜಾಗ ಇರಲಿಲ್ಲ.

ಈ ಜಿಲ್ಲೆಯವರಿಗೆ ಆ ಭೂಗೋಳ ಬಾಯಿಪಾಠ. ಕಾರವಾರದವರಿಗೆ ಗೋವಾ, ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಣಿಪಾಲ ಇಲ್ಲವೇ ಮಂಗಳೂರು, ಶಿರಸಿ, ಯಲ್ಲಾಪುರ, ಹಳಿಯಾಳದವರಿಗೆ ಹುಬ್ಬಳ್ಳಿ. ಕುಮಟಾದಿಂದ ಮಣಿಪಾಲ 120 ಕಿ.ಮೀ.ಗೂ ಹೆಚ್ಚು. ದಾರಿಯೇ ಜೀವ ತೆಗೆದದ್ದೂ ಇದೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಮರುದಿನದಿಂದಲೇ ಜಿಲ್ಲೆಯ ಹುಡುಗರು, ಹೆಣ್ಣುಮಕ್ಕಳು, ನಿವೃತ್ತ ಮೇಷ್ಟ್ರುಗಳು ಎಲ್ಲ ಸೇರಿ ‘ನಮಗೊಂದು ಆಸ್ಪತ್ರೆ ಕೊಡಿ’ ಎಂದು ಫೋನಿನಲ್ಲೂ ಬೀದಿಯಲ್ಲೂ ಕೂಗಿದರು. ಎರಡು ವರ್ಷದ ನಂತರ, 2024ರ ಜುಲೈ 16ರಂದು, ಅದೇ ಹೆಸರಿನ ಇನ್ನೊಂದು ಊರಿನಲ್ಲಿ, ಅಂಕೋಲಾದ ಶಿರೂರಿನಲ್ಲಿ, ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಮಳೆಗಾಲದಲ್ಲಿ ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವಂತಿಲ್ಲ.

ಆ ಕೂಗು ನ್ಯಾಯವಾದದ್ದು. ಸಕಲ ಸೌಕರ್ಯದ ದೊಡ್ಡ ಆಸ್ಪತ್ರೆ ಜಿಲ್ಲೆಗೆ ಬರಲೇಬೇಕು. ಆದರೆ ಅದು ಕುಮಟಾದಲ್ಲಾಗಲಿ ಕಾರವಾರದಲ್ಲಾಗಲಿ ಎದ್ದು ನಿಂತ ದಿನವೂ ಜೋಯಿಡಾ ಜೋಯಿಡಾದಲ್ಲೇ ಇರುತ್ತದೆ, ಅರಬೈಲ್ ಘಟ್ಟ, ದೇವಿಮನೆ ಘಟ್ಟ ಅಲ್ಲಲ್ಲೇ ಇರುತ್ತವೆ. ಮೈಮೇಲೆ ಹಲವು ಕಡೆ ಒಟ್ಟಿಗೇ ಪೆಟ್ಟು ಬಿದ್ದವನ ಅಳಿವು ಉಳಿವು ಬಹಳ ಸಲ ತೀರ್ಮಾನವಾಗುವುದು ಮೊದಲ ಎರಡು ತಾಸಿನಲ್ಲಿ. ಅಷ್ಟು ಹೊತ್ತಿಗೆ ಅವನು ಮುಟ್ಟಿರುವುದು ತಾಲ್ಲೂಕು ಆಸ್ಪತ್ರೆಯನ್ನು ಮಾತ್ರ. ಕಟ್ಟಡದ ಚರ್ಚೆಯಲ್ಲಿ ನಮ್ಮ ಗಮನದಿಂದ ಜಾರಿಹೋಗುತ್ತಿರುವುದು ಆ ಎರಡು ತಾಸು.

ಒಬ್ಬ ಗಾಯಾಳುವನ್ನು ಕಣ್ಣೆದುರು ಇಟ್ಟುಕೊಳ್ಳೋಣ. ಇಪ್ಪತ್ತೆಂಟರ ಹುಡುಗ, 60 ಕೆ.ಜಿ. ತೂಕ. ಬೈಕಿನಲ್ಲಿ ಮನೆಗೆ ಹೊರಟವನಿಗೆ ಟಿಪ್ಪರ್ ಬಡಿದಿದೆ. ಎಡ ತೊಡೆ ಮುರಿದು ಸೊಟ್ಟಗಾಗಿದೆ. ನೆರೆದವರ ಕಣ್ಣೆಲ್ಲ ಅದರ ಮೇಲೆಯೇ. ಎಡಗಡೆಯ ನಾಲ್ಕು ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಗಾಳಿಯೂ ರಕ್ತವೂ ತುಂಬಿಕೊಳ್ಳುತ್ತಿದೆ. ಅದರ ಕೆಳಗೆ ಗುಲ್ಮ ಸೀಳಿ ಹೊಟ್ಟೆಯೊಳಕ್ಕೆ ರಕ್ತ ಸೋರುತ್ತಿದೆ. ಇವೆರಡೂ ಯಾರಿಗೂ ಕಾಣುವುದಿಲ್ಲ. ತಲೆಗೂ ಪೆಟ್ಟಾಗಿ ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದಾನೆ.

ಇಂಥವರನ್ನು ಆಸ್ಪತ್ರೆಯಲ್ಲಿ ‘ಪಾಲಿಟ್ರಾಮಾ’ ಎನ್ನುತ್ತಾರೆ. ಗಾಯದ ತೀವ್ರತೆಗೆ ಒಂದು ಅಂಕೆ ಕೊಡುವ ಪದ್ಧತಿಯನ್ನು 1974ರಲ್ಲಿ ಅಮೆರಿಕದ ಸೂಸನ್ ಬೇಕರ್ ಮತ್ತು ಸಂಗಡಿಗರು ರೂಪಿಸಿದರು. ದೇಹವನ್ನು ಆರು ಭಾಗ ಮಾಡಿ, ಗಾಯಕ್ಕೆ 1ರಿಂದ 6ರವರೆಗೆ ಅಂಕ ಕೊಟ್ಟು, ಅತಿ ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕಗಳ ವರ್ಗವನ್ನು ಕೂಡಿಸುವುದು. ಗರಿಷ್ಠ 75. ಹದಿನೈದು ದಾಟಿದರೆ ಗಂಭೀರ. ನಮ್ಮ ಹುಡುಗನಿಗೆ ತೊಡೆಗೆ 3, ಎದೆಗೆ 4, ಹೊಟ್ಟೆಗೆ 3 ಎಂದು ಹಿಡಿದರೆ ಒಂಬತ್ತು, ಹದಿನಾರು, ಒಂಬತ್ತು, ಒಟ್ಟು 34. ಆದರೆ 34 ಅಂಕದ ಇಬ್ಬರು ಗಾಯಾಳುಗಳಲ್ಲಿ ಒಬ್ಬ ನಡೆದು ಮನೆಗೆ ಹೋಗುತ್ತಾನೆ, ಇನ್ನೊಬ್ಬ ಆಂಬುಲೆನ್ಸಿನಲ್ಲೇ ಸಾಯುತ್ತಾನೆ. ಅಂಕೆಯೊಳಗೆ ಹೊತ್ತು ಇಲ್ಲ, ವಯಸ್ಸು ಇಲ್ಲ, ದೇಹ ಆ ಪೆಟ್ಟನ್ನು ಹೇಗೆ ತಾಳಿಕೊಳ್ಳುತ್ತಿದೆ ಎಂಬುದೂ ಇಲ್ಲ.

ಆ ಕೊರತೆ ತುಂಬಲು ಹಲವು ದೇಶಗಳ ತಜ್ಞರು ಸೇರಿ 2014ರಲ್ಲಿ ಒಂದು ಹೊಸ ವ್ಯಾಖ್ಯೆ ಪ್ರಕಟಿಸಿದರು. ಬರ್ಲಿನ್ ವ್ಯಾಖ್ಯೆ ಎಂದು ಅದರ ಹೆಸರು. ದೇಹದ ಎರಡಾದರೂ ಭಾಗಗಳಲ್ಲಿ ಗಂಭೀರ ಗಾಯ ಇರಬೇಕು; ಅದರ ಜೊತೆಗೆ ಐದು ಲಕ್ಷಣಗಳಲ್ಲಿ ಒಂದಾದರೂ ಇರಬೇಕು. ವಯಸ್ಸು 70 ಅಥವಾ ಅದಕ್ಕೂ ಹೆಚ್ಚು, ಮೇಲಿನ ಬಿ.ಪಿ. 90 ಅಥವಾ ಅದಕ್ಕೂ ಕೆಳಗೆ, ಆಳವಾದ ಎಚ್ಚರ ತಪ್ಪುವಿಕೆ, ರಕ್ತದಲ್ಲಿ ಆಮ್ಲ ಏರಿರುವುದು, ರಕ್ತ ಹೆಪ್ಪುಗಟ್ಟುವ ಗುಣ ಕೆಟ್ಟಿರುವುದು. ವಯಸ್ಸನ್ನು ಯಾರೂ ಬದಲಿಸಲಾರರು. ಉಳಿದ ನಾಲ್ಕೂ ಒಂದೊಂದು ಮಟ್ಟಿಗೆ ನಮ್ಮ ಕೈಯಲ್ಲಿವೆ. ಸಕಾಲಕ್ಕೆ ಕೈಹಾಕಿದರೆ ಅವು ತಿರುಗುತ್ತವೆ, ಬಿಟ್ಟರೆ ಒಂದು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ.

ಮೊದಲು ರಕ್ತ. ಒಂದು ಕಿಲೋ ತೂಕಕ್ಕೆ ಸುಮಾರು 70 ಮಿ.ಲೀ. ರಕ್ತ ಎಂಬ ಲೆಕ್ಕದಲ್ಲಿ ನಮ್ಮ ಹುಡುಗನ ಮೈಯಲ್ಲಿರುವುದು ನಾಲ್ಕು ಲೀಟರಿಗೆ ಸ್ವಲ್ಪ ಮೇಲೆ. ಮುರಿದ ತೊಡೆಮೂಳೆಯೊಂದರ ಸುತ್ತಲೇ ಒಂದರಿಂದ ಒಂದೂವರೆ ಲೀಟರ್ ಸೇರಿಕೊಳ್ಳಬಹುದು. ಚರ್ಮ ಹರಿಯದಿದ್ದರೆ ಒಂದು ಹನಿಯೂ ಹೊರಗೆ ಕಾಣುವುದಿಲ್ಲ, ತೊಡೆ ಊದಿದ್ದಷ್ಟೇ ಕಾಣುತ್ತದೆ. ಸೊಂಟದ ಮೂಳೆಯ ಉಂಗುರ ಒಡೆದರೆ ಅದಕ್ಕಿಂತ ಹೆಚ್ಚು. ಎದೆಗೂಡು, ಹೊಟ್ಟೆ ಇವುಗಳಂತೂ ದೇಹದ ಇಡೀ ರಕ್ತವನ್ನೇ ನುಂಗಬಲ್ಲಷ್ಟು ಜಾಗ.

ಇಲ್ಲಿ ದೇಹ ವೈದ್ಯರನ್ನೂ ಮನೆಯವರನ್ನೂ ಮೋಸಗೊಳಿಸುತ್ತದೆ. ಮೂರನೆಯ ಒಂದು ಪಾಲು ರಕ್ತ ಹೋಗುವವರೆಗೂ ಹರೆಯದವರ ಬಿ.ಪಿ. ಹೆಚ್ಚು ಇಳಿಯದೆ ನಿಲ್ಲಬಹುದು. ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೈ ಬೆವರುತ್ತದೆ, ಗಾಯಾಳು ತಳಮಳಿಸುತ್ತಾನೆ, ಬಾಯಾರಿಕೆ ಎನ್ನುತ್ತಾನೆ. ಬಿ.ಪಿ. ಮಾತ್ರ 110 ತೋರಿಸುತ್ತಿರುತ್ತದೆ. ‘ಬಿ.ಪಿ. ಸರಿ ಇದೆ’ ಎಂದು ಎಲ್ಲರೂ ಉಸಿರು ಬಿಟ್ಟ ಅರ್ಧ ತಾಸಿಗೆ ಒಮ್ಮೆಲೇ ಕುಸಿಯುತ್ತದೆ. ಇದನ್ನು ಮೊದಲೇ ಹಿಡಿಯಲು ಯಂತ್ರ ಬೇಕಿಲ್ಲ. ನಾಡಿಯ ಎಣಿಕೆಯನ್ನು ಮೇಲಿನ ಬಿ.ಪಿ.ಯಿಂದ ಭಾಗಿಸಿ ನೋಡುವ ಸರಳ ಲೆಕ್ಕವನ್ನು 1967ರಷ್ಟು ಹಿಂದೆಯೇ ಯುರೋಪಿನ ವೈದ್ಯರು ಹೇಳಿಕೊಟ್ಟಿದ್ದಾರೆ. ನಾಡಿ 120, ಬಿ.ಪಿ. 100 ಇದ್ದರೆ ಉತ್ತರ 1.2. ಒಂದನ್ನು ಮೀರಿದರೆ ಒಳಗೆಲ್ಲೋ ರಕ್ತ ಸೋರುತ್ತಿದೆ ಎಂದೇ ಹಿಡಿದು ಹುಡುಕಬೇಕು.

ಮುದುಕರಲ್ಲಿ ಮೋಸ ಬೇರೆ ಬಗೆಯದು. ಬಿ.ಪಿ.ಗೆ, ಹೃದಯಕ್ಕೆ ಎಂದು ನುಂಗುವ ಕೆಲವು ಮಾತ್ರೆಗಳು ನಾಡಿಯನ್ನು ಓಡಲು ಬಿಡುವುದಿಲ್ಲ. ನಿತ್ಯ 160 ಇರುವವರಿಗೆ 110 ಎಂದರೆ ಅದು ಇಳಿದ ಬಿ.ಪಿ.ಯೇ. ರಕ್ತ ತೆಳುವಾಗಲು ಕೊಟ್ಟ ಗುಳಿಗೆಯಿದ್ದರೆ ತಲೆಯ ಸಣ್ಣ ಪೆಟ್ಟೂ ದೊಡ್ಡ ರಕ್ತಸ್ರಾವವಾಗುತ್ತದೆ. ಆದ್ದರಿಂದ ಅರವತ್ತು ದಾಟಿದವರ ಕಿಸೆಯಲ್ಲಿ, ಸೊಂಟದ ಚೀಲದಲ್ಲಿ ಮಾತ್ರೆಯ ಚೀಟಿಯ ಒಂದು ಪ್ರತಿ ಇರಲಿ. ಗಾಯ ಒಂದೇ ಆದರೂ ಎಪ್ಪತ್ತರವರು ಇಪ್ಪತ್ತರವರಿಗಿಂತ ಹೆಚ್ಚು ಸಾಯುತ್ತಾರೆ ಎಂಬುದು ಎಲ್ಲ ದೇಶದ ದಾಖಲೆಗಳಲ್ಲೂ ಕಾಣುವ ಸತ್ಯ. ಅವರನ್ನು ‘ಚೆನ್ನಾಗಿ ಮಾತಾಡುತ್ತಿದ್ದಾರಲ್ಲ’ ಎಂದು ಮೂಲೆಯ ಮಂಚಕ್ಕೆ ಸರಿಸುವುದು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಸೋರುವ ರಕ್ತಕ್ಕೆ ಮದ್ದೆಂದರೆ ಸೋರುವುದನ್ನು ನಿಲ್ಲಿಸುವುದು. ಸಲೈನ್ ಏರಿಸುವುದು ಅದಕ್ಕೆ ಬದಲಿಯಲ್ಲ. ಬಾಟಲಿಯ ಮೇಲೆ ಬಾಟಲಿ ಉಪ್ಪುನೀರು ಹೋದರೆ ಬಿ.ಪಿ. ಕ್ಷಣಕಾಲ ಏರಿ, ಆಗಷ್ಟೇ ಕಟ್ಟಿದ್ದ ಹೆಪ್ಪನ್ನು ಕಿತ್ತು, ಉಳಿದ ರಕ್ತವನ್ನೂ ನೀರಾಗಿಸುತ್ತದೆ. 1994ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಎದೆ ಹೊಟ್ಟೆಗೆ ಗುಂಡು, ಚೂರಿ ತಗುಲಿದ 598 ಮಂದಿಯನ್ನು ನೋಡಿದಾಗ, ಶಸ್ತ್ರಚಿಕಿತ್ಸೆಯ ಕೋಣೆ ತಲುಪುವವರೆಗೆ ಸಲೈನ್ ತಡೆಹಿಡಿದವರಲ್ಲಿ ನೂರಕ್ಕೆ 70 ಮಂದಿ ಬದುಕಿದರು, ಕೂಡಲೇ ಏರಿಸಿದವರಲ್ಲಿ 62. ತಲೆಗೆ ಪೆಟ್ಟಾದವರ ಲೆಕ್ಕ ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಹೋದದ್ದು ರಕ್ತವಾದರೆ ಕೊಡಬೇಕಾದದ್ದೂ ರಕ್ತವೇ, ಅದರೊಡನೆ ಪ್ಲಾಸ್ಮಾ, ಪ್ಲೇಟ್‌ಲೆಟ್.

ಚಳಿಯ ಮಾತನ್ನು ಕರಾವಳಿಯವರು ನಂಬುವುದು ಕಷ್ಟ. ಬೆವರಿ ಸಾಯುವ ಊರಿನಲ್ಲಿ ಮೈ ತಣ್ಣಗಾಗಿ ಸಾಯುವುದುಂಟೇ? ಉಂಟು. ಆಷಾಢದ ಮಳೆಯಲ್ಲಿ ನೆನೆದ ಬಟ್ಟೆ, ಆಂಬುಲೆನ್ಸಿನ ಎ.ಸಿ., ತಣ್ಣನೆಯ ಸಲೈನ್, ರಕ್ತ ಹೋಗಿ ಶಾಖ ಹುಟ್ಟಿಸಲಾರದ ಮೈ, ಎಲ್ಲ ಸೇರಿ ದೇಹದ ಬಿಸಿ 35 ಡಿಗ್ರಿಗಿಂತ ಕೆಳಗಿಳಿಯುತ್ತದೆ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟದು. ಹೆಪ್ಪುಗಟ್ಟದೆ ಇನ್ನಷ್ಟು ಸೋರುತ್ತದೆ. ಸೋರಿದಷ್ಟೂ ಜೀವಕೋಶಗಳಿಗೆ ಆಮ್ಲಜನಕ ತಲುಪದೆ ಆಮ್ಲ ಏರುತ್ತದೆ. ಆಮ್ಲ ಏರಿದರೆ ಹೃದಯ ಸೋಲುತ್ತದೆ, ಹೆಪ್ಪು ಇನ್ನೂ ಕೆಡುತ್ತದೆ. ತಂಪು, ಆಮ್ಲ, ಹೆಪ್ಪುಗೆಡುಕು ಈ ಮೂರೂ ಕೂಡಿದ ಮೇಲೆ ಎಂಥ ಆಸ್ಪತ್ರೆಯಲ್ಲೂ ಮನುಷ್ಯನನ್ನು ಹಿಂದಕ್ಕೆ ತರುವುದು ಬಲು ಕಷ್ಟ. ಆ ಸರಪಳಿಯ ಮೊದಲ ಕೊಂಡಿಯನ್ನು ಕಳಚಲು ಬೇಕಾದದ್ದು ಒದ್ದೆ ಬಟ್ಟೆ ತೆಗೆದು ಹೊದಿಸುವ ಒಂದು ಕಂಬಳಿ.

ಇನ್ನೊಂದು ಅಗ್ಗದ ವಸ್ತುವಿನ ಕತೆ ಹೇಳಲೇಬೇಕು. 1950-60ರ ದಶಕದಲ್ಲಿ ಜಪಾನಿನ ಉತಾಕೊ ಒಕಾಮೊಟೊ ಎಂಬ ವೈದ್ಯ ವಿಜ್ಞಾನಿ, ಪತಿ ಶೋಸುಕೆ ಜೊತೆ ಸೇರಿ, ಹೆರಿಗೆಯಾದ ಮೇಲೆ ರಕ್ತ ಹೋಗಿ ಸಾಯುವ ತಾಯಂದಿರಿಗಾಗಿ ಮದ್ದು ಹುಡುಕುತ್ತಿದ್ದರು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಅವರಿಗೆ ಸಿಕ್ಕಿತು. 1962ರಲ್ಲಿ ಪ್ರಕಟಿಸಿದರು. ಹೆರಿಗೆ ವೈದ್ಯರು ಪ್ರಯೋಗಕ್ಕೆ ಒಪ್ಪಲಿಲ್ಲ. ದಶಕಗಳ ಕಾಲ ಅದು ಹಲ್ಲು ಕೀಳುವಾಗ, ಮುಟ್ಟಿನ ಅತಿಸ್ರಾವಕ್ಕೆ ಕೊಡುವ ಸಣ್ಣ ಔಷಧಿಯಾಗಿ ಉಳಿಯಿತು. ಕೊನೆಗೆ 40 ದೇಶಗಳ 274 ಆಸ್ಪತ್ರೆಗಳಲ್ಲಿ, ಭಾರತದವೂ ಸೇರಿ, 20,211 ಗಾಯಾಳುಗಳ ಮೇಲೆ ಪರೀಕ್ಷೆ ನಡೆದು 2010ರಲ್ಲಿ ಫಲ ಬಂತು. ಸಾವು ನೂರಕ್ಕೆ 16ರಿಂದ 14.5ಕ್ಕೆ ಇಳಿದಿತ್ತು. ಕೇಳಲು ಸಣ್ಣದು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು 1,68,491 ಮಂದಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ.

ಆದರೆ ಆ ಮದ್ದಿಗೆ ಗಡಿಯಾರ ಕಟ್ಟಿದೆ. ಮೂರು ತಾಸಿನೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಆಮೇಲೆ ಕೊಟ್ಟರೆ ಹಾನಿಯೇ ಆಗಬಹುದು. ಮೂರು ತಾಸಿನೊಳಗೂ ಪ್ರತಿ ಕಾಲು ತಾಸಿನ ತಡಕ್ಕೆ ಅದರ ಗುಣ ನೂರಕ್ಕೆ ಹತ್ತರಂತೆ ಕುಗ್ಗುತ್ತದೆಂದು 2018ರ ವಿಶ್ಲೇಷಣೆ ತೋರಿಸಿತು. ಅಂದರೆ ಕುಮಟಾದಲ್ಲಿ ಕೊಡದೆ ಮಣಿಪಾಲದಲ್ಲಿ ಕೊಡುತ್ತೇವೆ ಎಂದರೆ ಅದರ ಬಹುಪಾಲು ಶಕ್ತಿ ಹೆದ್ದಾರಿಯಲ್ಲೇ ಖರ್ಚಾಗಿರುತ್ತದೆ. ಇದು ತಾಲ್ಲೂಕು ಆಸ್ಪತ್ರೆಯಲ್ಲೇ, ಸಾಧ್ಯವಾದರೆ 108 ಆಂಬುಲೆನ್ಸಿನಲ್ಲೇ ಹೋಗಬೇಕಾದ ಚುಚ್ಚುಮದ್ದು. ಒಕಾಮೊಟೊ 2016ರಲ್ಲಿ ತೀರಿಕೊಂಡರು. ಬಾಣಂತಿಯರಲ್ಲೂ ಅದು ರಕ್ತಸ್ರಾವದ ಸಾವು ತಗ್ಗಿಸುತ್ತದೆ ಎಂಬ ಫಲಿತಾಂಶ ಬಂದದ್ದು ಮರುವರ್ಷ.

ಉಸಿರಿನ ವಿಷಯವೂ ಹೀಗೆಯೇ, ಇನ್ನೂ ಅವಸರದ್ದು. ನಮ್ಮ ಹುಡುಗನ ಎದೆಗೂಡಿನಲ್ಲಿ ತುಂಬುತ್ತಿರುವ ಗಾಳಿ ಹೊರಬರಲು ದಾರಿಯಿಲ್ಲದೆ ಶ್ವಾಸಕೋಶವನ್ನು ಹಿಚುಕಿ, ಹೃದಯವನ್ನು ಪಕ್ಕಕ್ಕೆ ತಳ್ಳಿದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ. ಪರಿಹಾರ ಮಾತ್ರ ಸಣ್ಣದು: ಮೊದಲು ಸೂಜಿ, ಆಮೇಲೆ ಪಕ್ಕೆಲುಬುಗಳ ನಡುವೆ ಒಂದು ಕೊಳವೆ. ಎದೆಗೆ ಗುದ್ದುಪೆಟ್ಟು ಬಿದ್ದ ಹತ್ತರಲ್ಲಿ ಒಂಬತ್ತು ಮಂದಿಗೆ ಎದೆ ತೆರೆಯುವ ಶಸ್ತ್ರಚಿಕಿತ್ಸೆಯೇ ಬೇಡ. ಕೊಳವೆ ಹಾಕಲು ಆಪರೇಷನ್ ಥಿಯೇಟರ್ ಬೇಡ, ತಜ್ಞರೇ ಬೇಕೆಂದೂ ಇಲ್ಲ. ತರಬೇತಾದ, ಧೈರ್ಯವಿರುವ ಒಬ್ಬ ಎಂಬಿಬಿಎಸ್ ವೈದ್ಯ ಸಾಕು. ಕೊಳವೆ ಹಾಕದೆ ಅವನನ್ನು ಘಟ್ಟ ಹತ್ತಿಸುವುದೆಂದರೆ ಆಂಬುಲೆನ್ಸಿನಲ್ಲಿರುವ ತಂತ್ರಜ್ಞನ ಕೈಗೆ ಸಾವನ್ನು ಒಪ್ಪಿಸಿ ಕಳಿಸಿದಂತೆ.

ಸಣ್ಣ ಆಸ್ಪತ್ರೆಗಳಲ್ಲಿ ಹೊತ್ತು ಕಳೆಯುವ ಇನ್ನೊಂದು ಜಾಗ ಸ್ಕ್ಯಾನಿಂಗ್ ಕೋಣೆ. ‘ಸ್ಕ್ಯಾನ್ ಮಾಡಿಸಿಕೊಂಡೇ ಹೋಗಿ’ ಎನ್ನುತ್ತಾರೆ, ಮನೆಯವರೂ ಅದನ್ನೇ ಬಯಸುತ್ತಾರೆ. ಹೊಟ್ಟೆ ತೆರೆಯುವ ಸರ್ಜನ್ ಅಲ್ಲಿ ಇಲ್ಲದಿದ್ದರೆ ಆ ಸ್ಕ್ಯಾನ್ ಕಂಡುಹಿಡಿದದ್ದನ್ನು ಯಾರೂ ಸರಿಪಡಿಸಲಾರರು. ಮುಂದಿನ ಆಸ್ಪತ್ರೆಯಲ್ಲಿ ಎಷ್ಟೋ ಸಲ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಉಸಿರು ನೋಡಿ, ರಕ್ತ ತಡೆದು, ಎದೆಗೆ ಕೊಳವೆ ಹಾಕಿ, ಮುಂದಿನವರಿಗೆ ಫೋನ್ ಮಾಡಿ, ಹೊರಡಿಸುವುದು. ಇಷ್ಟಕ್ಕೆ ಸ್ಕ್ಯಾನ್ ಬೇಡ.

ಈ ಕ್ರಮ ಹುಟ್ಟಿದ್ದೂ ಒಂದು ಹಳ್ಳಿಗಾಡಿನ ಆಸ್ಪತ್ರೆಯ ಕೊರತೆಯಿಂದಲೇ. 1976ರ ಫೆಬ್ರುವರಿಯಲ್ಲಿ ಜಿಮ್ ಸ್ಟೈನರ್ ಎಂಬ ಮೂಳೆ ತಜ್ಞ ತಾವೇ ನಡೆಸುತ್ತಿದ್ದ ಪುಟ್ಟ ವಿಮಾನ ಅಮೆರಿಕದ ನೆಬ್ರಾಸ್ಕಾದ ಹೊಲವೊಂದರಲ್ಲಿ ಬಿತ್ತು. ಹೆಂಡತಿ ಅಲ್ಲೇ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ಭಾರೀ ಪೆಟ್ಟು. ಹತ್ತಿರದ ಚಿಕ್ಕ ಆಸ್ಪತ್ರೆ ಮುಟ್ಟಿದರೆ ಅಲ್ಲಿನ ವೈದ್ಯರಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿದಿರಲಿಲ್ಲ. ಆ ನೋವಿನಲ್ಲಿ ಅವರೂ ಸಂಗಡಿಗರೂ ಕೂತು, ಹಳ್ಳಿಯ ವೈದ್ಯರಿಗೆಂದೇ ಒಂದು ಪಾಠ ಕಟ್ಟಿದರು. ಮೊದಲು ಶ್ವಾಸನಾಳ, ಆಮೇಲೆ ಉಸಿರಾಟ, ಆಮೇಲೆ ರಕ್ತ, ಆಮೇಲೆ ಮೆದುಳು. ಎದ್ದು ಕಾಣುವ ಗಾಯದ ಕಡೆ ಕಣ್ಣು ಹೋದರೂ ಕೈ ಈ ಸರದಿ ಬಿಡಬಾರದು. 1978ರಲ್ಲಿ ಅಲ್ಲೇ ಮೊದಲ ತರಗತಿ ನಡೆಯಿತು, 1980ರಲ್ಲಿ ಅಮೆರಿಕದ ಸರ್ಜನ್ನರ ಕಾಲೇಜು ಅದನ್ನು ತನ್ನದಾಗಿಸಿಕೊಂಡಿತು. ಇಂದು ಜಗತ್ತಿನಾದ್ಯಂತ ಅಪಘಾತ ವಿಭಾಗಗಳಲ್ಲಿ ನಡೆಯುವುದು ಅದೇ ಸರದಿ. ಈ ಎರಡು ಮೂರು ದಿನದ ತರಬೇತಿಯನ್ನು ಉತ್ತರ ಕನ್ನಡದ ಪ್ರತಿ ತಾಲ್ಲೂಕು ಆಸ್ಪತ್ರೆಯ ಪ್ರತಿ ವೈದ್ಯರಿಗೂ, ದಾದಿಯರಿಗೂ ಕೊಡಲು ತಗಲುವ ಖರ್ಚು ಒಂದು ಕಟ್ಟಡದ ಅಡಿಪಾಯಕ್ಕೂ ಸಾಲದು.

ಮೆದುಳಿನ ಮಾತು. ಟಿಪ್ಪರ್ ಬಡಿದ ಕ್ಷಣದಲ್ಲಿ ಆದ ಗಾಯವನ್ನು ಯಾರೂ ಅಳಿಸಲಾರರು. ಹೆಲ್ಮೆಟ್ ಮಾತ್ರ ಅದನ್ನು ತಡೆಯಬಲ್ಲದು. ಬೈಕ್ ಸವಾರರಲ್ಲಿ ಅದು ಸಾವನ್ನು ನೂರಕ್ಕೆ 42ರಷ್ಟು, ತಲೆಪೆಟ್ಟನ್ನು 69ರಷ್ಟು ತಗ್ಗಿಸುತ್ತದೆ ಎಂದು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆ ಹೇಳುತ್ತದೆ. ಟೋಪಿಯಂತೆ ಕೂರುವ, ಪಟ್ಟಿ ಕಟ್ಟದ ಹೆಲ್ಮೆಟ್ಟಿನಿಂದ ಆ ರಕ್ಷಣೆ ಬಾರದು. ಪೆಟ್ಟು ಬಿದ್ದ ಮೇಲೆ ಬರುವ ಎರಡನೆಯ ಗಾಯವೊಂದಿದೆ. ಆಮ್ಲಜನಕ ಕಡಿಮೆಯಾಗಿ, ಬಿ.ಪಿ. ಕುಸಿದು, ಅಳಿದುಳಿದ ಮೆದುಳೂ ಸಾಯುವುದು. ತೀವ್ರ ತಲೆಪೆಟ್ಟಾದವರಲ್ಲಿ ಮೇಲಿನ ಬಿ.ಪಿ. ಒಂದೇ ಒಂದು ಸಲ 90ರ ಕೆಳಗಿಳಿದರೂ ಸಾವಿನ ಪ್ರಮಾಣ ಸುಮಾರು ಇಮ್ಮಡಿಯಾಗುತ್ತದೆಂದು ಅಮೆರಿಕದಲ್ಲಿ 1993ರಲ್ಲೇ ಕಂಡುಕೊಂಡರು. ಅದಕ್ಕೇ, ಬರೀ ಹೊಟ್ಟೆ ಎದೆಯ ಗಾಯವಿದ್ದವರ ಬಿ.ಪಿ.ಯನ್ನು ತುಸು ಕೆಳಗಿಟ್ಟುಕೊಂಡು ಸಾಗಿಸಬಹುದಾದರೂ ತಲೆಪೆಟ್ಟೂ ಕೂಡಿದವರಲ್ಲಿ ಹಾಗೆ ಮಾಡುವಂತಿಲ್ಲ. ಒಂದು ಗಾಯಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಡುಕು. ಹಲವು ಗಾಯಗಳು ಒಟ್ಟಿಗೇ ಆದಾಗ ಸಾವು ಬರೀ ಕೂಡಿಕೆಯ ಲೆಕ್ಕದಲ್ಲಿ ಏರುವುದಿಲ್ಲ ಎನ್ನುವುದು ಇದಕ್ಕೇ.

ಇನ್ನು ಎಲ್ಲರ ಕಣ್ಣಿಗೆ ಮೊದಲು ಬಿದ್ದ ಆ ಸೊಟ್ಟ ಕಾಲು. ದೊಡ್ಡ ಆಸ್ಪತ್ರೆಯ ಐ.ಸಿ.ಯು. ಹೊರಗೆ ಕೂತ ಮನೆಯವರು ವೈದ್ಯರ ಮೇಲೆ ಸಿಟ್ಟಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ‘ಮೂರು ದಿನ ಆಯ್ತು, ಕಾಲಿನ ಆಪರೇಷನ್ನೇ ಮಾಡಿಲ್ಲ, ಹೊರಗಿಂದ ಕಬ್ಬಿಣದ ಸರಳು ಚುಚ್ಚಿ ಬಿಟ್ಟಿದ್ದಾರೆ’ ಎನ್ನುತ್ತಾರೆ. ಆ ಸಂಕಟ ಸಹಜ. ಆದರೆ ಅಲ್ಲಿ ಆಗುತ್ತಿರುವುದು ಅಲಕ್ಷ್ಯವಲ್ಲ. ಪೆಟ್ಟು ಬಿದ್ದ ದೇಹದಲ್ಲಿ ಉರಿಯೂತದ ಅಲೆಯೊಂದು ಎದ್ದಿರುತ್ತದೆ. ಅಂಥ ಹೊತ್ತಿನಲ್ಲಿ ನಾಲ್ಕು ತಾಸು ಅರಿವಳಿಕೆ ಕೊಟ್ಟು, ಮೂಳೆಯ ಮಜ್ಜೆಯೊಳಗೆ ಉದ್ದನೆ ಸರಳು ಹಾಯಿಸಿದರೆ ಅದು ದೇಹಕ್ಕೆ ಎರಡನೆಯ ಅಪಘಾತ. ಶ್ವಾಸಕೋಶ ಊದಿ, ಮೂತ್ರಪಿಂಡ ಸೋತು, ಬದುಕಬೇಕಿದ್ದವನು ಐದನೆಯ ದಿನ ಕೈತಪ್ಪುತ್ತಾನೆ. ಅದಕ್ಕಾಗಿ ಹೊರಗಿನಿಂದಲೇ ಮೂಳೆಯನ್ನು ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸಿ, ದೇಹ ತನ್ನ ಬಿಸಿ, ಹೆಪ್ಪು, ಆಮ್ಲವನ್ನು ಸರಿಪಡಿಸಿಕೊಳ್ಳುವವರೆಗೆ ಕಾಯುತ್ತಾರೆ. ಸ್ಥಿರವಾಗಿರುವ ಗಾಯಾಳುವಿಗೆ ಮೊದಲ ದಿನವೇ ಮೂಳೆ ಜೋಡಿಸುವುದು ಒಳ್ಳೆಯದು. ತೂಗಾಡುತ್ತಿರುವವನಿಗೆ ಕಾಯುವುದು ಒಳ್ಳೆಯದು. ಯಾರು ಯಾವ ಬಗೆಯವರು ಎಂದು ಗುರುತಿಸುವುದರಲ್ಲೇ ಒಳ್ಳೆಯ ತಂಡದ ಹೆಚ್ಚುಗಾರಿಕೆ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲೂ ಈ ವಿವೇಕ ಬಂದದ್ದು ಇತ್ತೀಚೆಗೆ. ಹಿಂದೆ ಸರ್ಜನ್ನರು ಹರಿದದ್ದನ್ನೆಲ್ಲ ಹೊಲಿದು ಮುಗಿಸಿಯೇ ಹೊಟ್ಟೆ ಮುಚ್ಚುತ್ತಿದ್ದರು. ಶಸ್ತ್ರಚಿಕಿತ್ಸೆ ಯಶಸ್ವಿ, ರೋಗಿ ಇಲ್ಲ. 1993ರಲ್ಲಿ ಫಿಲಡೆಲ್ಫಿಯಾದ ರೊಟೊಂಡೊ, ಶ್ವಾಬ್ ಮತ್ತು ಸಂಗಡಿಗರು ಬೇರೆ ದಾರಿಯ ಫಲ ತೋರಿಸಿದರು. ರಕ್ತ ನಿಲ್ಲಿಸು, ಕೊಳೆ ಸೋರುವುದನ್ನು ತಡೆ, ಬಟ್ಟೆ ತುಂಬಿ ಹೊಟ್ಟೆ ಅರೆಮುಚ್ಚಿ ಐ.ಸಿ.ಯು.ಗೆ ಒಯ್ಯಿ, ಮೈ ಬೆಚ್ಚಗಾಗಲಿ, ಒಂದೆರಡು ದಿನ ಬಿಟ್ಟು ಉಳಿದದ್ದು. ಅತ್ಯಂತ ಕೆಟ್ಟ ಗಾಯಗಳಿದ್ದ ಗುಂಪಿನಲ್ಲಿ ಹಳೆಯ ಪದ್ಧತಿಯಲ್ಲಿ ಒಂಬತ್ತರಲ್ಲಿ ಒಬ್ಬ ಉಳಿದಿದ್ದ, ಹೊಸ ಪದ್ಧತಿಯಲ್ಲಿ ಹದಿಮೂರರಲ್ಲಿ ಹತ್ತು ಮಂದಿ ಉಳಿದರು. ಸಣ್ಣ ಸಂಖ್ಯೆ, ದೊಡ್ಡ ಪಾಠ. ನನ್ನ ಮಟ್ಟಿಗೆ ಇದು ನಮ್ಮ ಜಿಲ್ಲೆಗೆ ಹೇಳುವುದಿಷ್ಟು: ಒಬ್ಬ ಸಾಮಾನ್ಯ ಸರ್ಜನ್, ಒಬ್ಬ ಅರಿವಳಿಕೆ ವೈದ್ಯ, ನಾಲ್ಕಾರು ಬಾಟಲಿ ರಕ್ತ ಇರುವ ಆಸ್ಪತ್ರೆಯಲ್ಲಿ ಸೀಳಿದ ಗುಲ್ಮವನ್ನು ತೆಗೆದು ರಕ್ತ ನಿಲ್ಲಿಸಿ, ಆಮೇಲೆ ಗಾಯಾಳುವನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸಲು ಸಾಧ್ಯ. ಉಳಿದ ನೂರು ರಿಪೇರಿಗೆ ಅಲ್ಲಿ ಸಮಯವಿದೆ.

ದೊಡ್ಡ ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡವೂ ಅಲ್ಲ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಪಘಾತ ಚಿಕಿತ್ಸೆಗೆಂದೇ ಸಜ್ಜಾದ ಕೇಂದ್ರಗಳಲ್ಲಿ ಸಾವಿನ ಅಪಾಯ ಇತರ ಆಸ್ಪತ್ರೆಗಳಿಗಿಂತ ನೂರಕ್ಕೆ 25ರಷ್ಟು ಕಡಿಮೆ ಎಂದು ಕಂಡಿತು. ಅಲ್ಲಿ ಗಾಯಾಳು ಬಾಗಿಲು ದಾಟುವಾಗ ಒಂದು ತಂಡ, ಅದಕ್ಕೊಬ್ಬ ಮುಖ್ಯಸ್ಥ ಕಾದಿರುತ್ತಾರೆ. ನಮ್ಮಲ್ಲಿ ಆಸ್ಪತ್ರೆಗಳು ಬೆಳೆದದ್ದು ಅಂಗಗಳ ಹೆಸರಿನಲ್ಲಿ. ಬೆಂಗಳೂರಿನ ಹೊಸೂರು ರಸ್ತೆಯ ಸುತ್ತಲನ್ನೇ ನೋಡಿ: ಮೆದುಳು, ನರಕ್ಕೆ ನಿಮ್ಹಾನ್ಸ್, ಅದರ ನೆರೆಯಲ್ಲೇ ಮೂಳೆಗೆ ಸಂಜಯ ಗಾಂಧಿ ಆಸ್ಪತ್ರೆ, ಎದೆರೋಗಕ್ಕೆ ರಾಜೀವ್ ಗಾಂಧಿ ಸಂಸ್ಥೆ, ಸ್ವಲ್ಪ ದೂರದಲ್ಲಿ ಹೃದಯಕ್ಕೆ ಜಯದೇವ. ಒಂದೊಂದೂ ನಾಡಿಗೆ ದೊಡ್ಡ ಸೇವೆ ಮಾಡಿದ ಸಂಸ್ಥೆ. ಆದರೆ ತಲೆ, ಎದೆ, ತೊಡೆ ಮೂರೂ ಒಡೆದವನಿಗೆ ಮೂರೂ ವಿದ್ಯೆ ಒಂದೇ ಮೇಜಿನ ಸುತ್ತ, ಒಂದೇ ಹೊತ್ತಿಗೆ ಬೇಕು. ಉತ್ತರ ಕನ್ನಡಕ್ಕೆ ಬರುವ ಆಸ್ಪತ್ರೆಯನ್ನು ಮೊದಲ ದಿನದಿಂದಲೇ ಈ ಎಣಿಕೆಯಿಂದ ಕಟ್ಟಲಿ ಎಂದು ಕೇಳುವ ಅವಕಾಶ ನಮಗಿದೆ.

ದುಡ್ಡಿನ ಅಡ್ಡಿ ಮೊದಲಿನಷ್ಟಿಲ್ಲ, ಬಹಳ ಮಂದಿಗೆ ಗೊತ್ತಿಲ್ಲ ಅಷ್ಟೆ. 2025ರ ಮೇನಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ₹1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆ ಸಿಗಬೇಕು. ಪೊಲೀಸ್ ಕೇಸ್ ಎಂದು ಚಿಕಿತ್ಸೆ ತಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವನ್ನು ತಂದವರನ್ನು ಸಾಕ್ಷಿಯಾಗೆಂದು ಒತ್ತಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ ಆ ರಕ್ಷಣೆ ಸೇರಿದೆ.

ರಸ್ತೆ ಬದಿಯವರಿಗೆ ನಾಲ್ಕು ಮಾತು. ನೀರು ಕುಡಿಸಬೇಡಿ, ಎಚ್ಚರ ಅರೆಯಾದವನಿಗೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಪ್ರಾಣ ಹೋಗುತ್ತಿರುವಾಗ ನೀರು ಬಿಡುವುದು ನಮ್ಮಲ್ಲಿ ಪುಣ್ಯದ ಕೆಲಸ, ಅದಕ್ಕೇ ಕೈ ತಾನಾಗಿ ಬಾಟಲಿಗೆ ಹೋಗುತ್ತದೆ, ಆ ಕೈಯನ್ನು ತಡೆಯಿರಿ. ರಕ್ತ ಸುರಿಯುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ಸೊಂಟ ಮುರಿದ ಅನುಮಾನವಿದ್ದರೆ ಪಂಚೆಯನ್ನೋ ಚಾದರವನ್ನೋ ತೊಡೆಯ ಮೇಲ್ಭಾಗದ ಮೂಳೆಯ ಉಬ್ಬುಗಳ ಮಟ್ಟದಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿರಿ. ಹೊಟ್ಟೆಗೆ ಕಟ್ಟಿದರೆ ಉಪಯೋಗವಿಲ್ಲ. ಕೈಕಾಲು ಹಿಡಿದು ಎತ್ತಬೇಡಿ, ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರಲಿ.

ಕೊನೆಯದಾಗಿ ಒಂದು ಪುಸ್ತಕದ ಬಗ್ಗೆ. ಸಾವು ತಗ್ಗಿಸಿದ ದೇಶಗಳು ಮಾಡಿದ ಒಂದು ಮುಖ್ಯ ಕೆಲಸ ಬರೆದಿಡುವುದು. ಅಮೆರಿಕ, ಜರ್ಮನಿಗಳಲ್ಲಿ ಬಹಳಷ್ಟು ಆಸ್ಪತ್ರೆಗಳ ಗಂಭೀರ ಗಾಯಾಳುಗಳ ದಾಖಲೆ ಒಂದು ಕಡೆ ಸೇರುತ್ತದೆ. ನಮ್ಮಲ್ಲೂ ದೆಹಲಿ, ಮುಂಬೈ, ಕೋಲ್ಕತ್ತಾದ ನಾಲ್ಕು ಬೋಧನಾ ಆಸ್ಪತ್ರೆಗಳು ಸೇರಿ ಕಳೆದ ದಶಕದಲ್ಲಿ ಅಂಥದ್ದೊಂದು ಮಾಡಿದಾಗ, ದಾಖಲಾದ ಗಾಯಾಳುಗಳಲ್ಲಿ ಐದರಲ್ಲಿ ಒಬ್ಬರು ಒಂದು ತಿಂಗಳೊಳಗೆ ಸತ್ತದ್ದು ಕಂಡಿತು. ಕುಮಟಾ, ಹೊನ್ನಾವರ, ಭಟ್ಕಳ, ಅಂಕೋಲಾ, ಯಲ್ಲಾಪುರ, ಶಿರಸಿ ಆಸ್ಪತ್ರೆಗಳಲ್ಲಿ ನಾಳೆಯಿಂದಲೇ ಒಂದೊಂದು ದಾಖಲೆ ಪುಸ್ತಕ ಇಡಬಹುದು. ಗಾಯಾಳು ಬಂದ ಹೊತ್ತು, ನಾಡಿ, ಬಿ.ಪಿ., ಮೈಬಿಸಿ, ಟ್ರಾನೆಕ್ಸಾಮಿಕ್ ಕೊಟ್ಟ ಹೊತ್ತು, ಕೊಳವೆ ಹಾಕಿದ ಹೊತ್ತು, ಹೊರಟ ಹೊತ್ತು, ಮಣಿಪಾಲವೋ ಹುಬ್ಬಳ್ಳಿಯೋ ಬಾಂಬೋಳಿಯೋ ತಲುಪಿದ ಹೊತ್ತು. ಆ ಸಾಲಿನ ಕೊನೆಯ ಮನೆ ತುಂಬಬೇಕಾದವರು ದೊಡ್ಡ ಆಸ್ಪತ್ರೆಯವರು. ಹದಿನೈದನೆಯ ದಿನ ಅವರು ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ, ನೀವು ಕಳಿಸಿದ ಹುಡುಗ ಏನಾದ, ಯಾವುದು ಮೊದಲೇ ಆಗಿದ್ದರೆ ಒಳ್ಳೆಯದಿತ್ತು ಎಂದು ಅಂದು ಆ ಸರದಿಯಲ್ಲಿದ್ದ ವೈದ್ಯರಿಗೇ ಹೇಳಬೇಕು.